ಎಲ್ಲರ ಹಿಂದೆ ನಿಂತ ಅಕ್ಕನ ಲೆಕ್ಕ

ನಮ್ಮ ಅಕ್ಕ ಹೆರಿಗೆ ವಾರ್ಡಿನ ನರ್ಸ್. ಅವಳು ಒಮ್ಮೆ ಕಣ್ಣು ಬಿಟ್ಟರೆ ಸಾಕು, ದೊಡ್ಡ ಡಾಕ್ಟರುಗಳೂ ತೆಪ್ಪಗೆ ಹಿಂದಿರುಗಿ ಕೈ ತೊಳೆದುಕೊಂಡು ಬರುತ್ತಾರೆ. ಅಂಥವಳು ಐವತ್ತರ ಹತ್ತಿರ ಬಂದಮೇಲೆ, ಕಡಿಮೆ ತೂಕದ ಕೂಸುಗಳ ಬಗ್ಗೆ ಪಿಎಚ್‌.ಡಿ. ಮಾಡುತ್ತೇನೆಂದು ವಿಶ್ವವಿದ್ಯಾಲಯಕ್ಕೆ ಸೇರಿದಾಗ ಭಾವ ನಕ್ಕರು. ನಾನು ನಗಲಿಲ್ಲ. ಅವಳು ಹಿಡಿದದ್ದನ್ನು ಬಿಡುವವಳಲ್ಲ ಎಂಬುದು ಅವಳ ಜೊತೆ ಜಡೆ ಜಗಳ ಆಡಿ ಬೆಳೆದ ನನಗೆ ಗೊತ್ತಿತ್ತು.

ಅದೇ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರದಲ್ಲಿ ನಾನು ಆಪರೇಟರ್. ನಮ್ಮದು ಹಳೆಯ ಯುನಿಕ್ಸ್ ಯಂತ್ರ. ಗಾಜಿನ ಕೋಣೆಯಲ್ಲಿ ಎಸಿ ಹಾಕಿಸಿಕೊಂಡು ಹೊಸ ಅಳಿಯನ ಹಾಗೆ ಕೂತಿರುತ್ತದೆ. ಎಲ್ಲ ವಿಭಾಗದವರೂ ಹೆಸರು, ಪಾಸ್‌ವರ್ಡ್ ಕೊಟ್ಟು ಆ ಒಂದೇ ಯಂತ್ರದೊಳಗೆ ಬಂದು ಕೆಲಸ ಮಾಡುತ್ತಾರೆ. ಯಾರು ಒಳಗಿದ್ದಾರೆ, ಯಾರ ಲೆಕ್ಕ ಎಷ್ಟು ಜೋರಾಗಿ ಓಡುತ್ತಿದೆ ಎಂಬುದೆಲ್ಲ ನನ್ನ ಪರದೆಯ ಮೇಲೆ ಕಾಣುತ್ತದೆ.

ಮೊದಲ ದಿನ ಅಕ್ಕ ಪಾಸ್‌ವರ್ಡ್ ಒತ್ತಿದಳು. ಪರದೆಯ ಮೇಲೆ ಏನೂ ಮೂಡಲಿಲ್ಲ. ಯುನಿಕ್ಸ್ ಹಾಗೆಯೇ, ಒಂದು ಚುಕ್ಕಿಯನ್ನೂ ತೋರಿಸುವುದಿಲ್ಲ.

"ಕೀಬೋರ್ಡ್ ಕೆಟ್ಟಿದೆ ಕಣೇ," ಎಂದಳು.

"ಕೆಟ್ಟಿಲ್ಲ. ಅದು ಎಲ್ಲಾ ಕೇಳಿಸ್ಕೊಳ್ತಿದೆ, ತೋರಿಸ್ಕೊಳ್ಳಲ್ಲ ಅಷ್ಟೆ. ಒತ್ತು."

"ನಿಮ್ಮ ಭಾವಂದು ಇದಕ್ಕೆ ಉಲ್ಟಾ," ಎನ್ನುತ್ತಾ ಒತ್ತಿ ಒಳಗೆ ಹೋದಳು.

ಒಳಗೆ ಹೋದವರಿಗೆ ಮೊದಲು ಕಾಣುವುದು ನಾನು ಬರೆದು ಹಾಕಿದ ಸೂಚನೆ. ಇದು ಎಲ್ಲರ ಯಂತ್ರ, ದೊಡ್ಡ ಲೆಕ್ಕ ಓಡಿಸುವವರು ದಯವಿಟ್ಟು ಉಳಿದವರಿಗೆ ದಾರಿ ಬಿಡಿ. ದಾರಿ ಬಿಡುವುದಕ್ಕೆ ಒಂದು ಅಂಕಿ ಉಂಟು. ಸೊನ್ನೆ ಎಂದರೆ ಎಲ್ಲರ ಸಮ. ಹತ್ತೊಂಬತ್ತು ಎಂದರೆ ಎಲ್ಲರದೂ ಆದಮೇಲೆ ನನ್ನದು. ಹೀಗೆ ಹಿಂದೆ ಸರಿದವರು ತಾವಾಗಿಯೇ ಮತ್ತೆ ಮುಂದೆ ಬರಲಾಗುವುದಿಲ್ಲ, ಆಪರೇಟರನ್ನು ಕೇಳಬೇಕು. ಎಷ್ಟೋ ವರ್ಷಗಳಿಂದ ಆ ಸೂಚನೆ ಅಲ್ಲಿದೆ. ಒಬ್ಬರಾದರೂ ಅದರ ಕಡೆ ಕಣ್ಣೆತ್ತಿ ನೋಡಿದ್ದನ್ನು ನಾನು ಕಂಡಿರಲಿಲ್ಲ.

ಕೆಲವು ವರ್ಷ ಕಳೆದು ಒಂದು ಶುಕ್ರವಾರ ಬೆಳಿಗ್ಗೆ ಅಕ್ಕ ನನ್ನ ಕೋಣೆಗೆ ಬಂದಳು. ಮುಖ ಸಪ್ಪಗಿತ್ತು. ಸೋಮವಾರ ಪ್ರಬಂಧ ಒಪ್ಪಿಸಬೇಕು, ಕೊನೆಯ ಲೆಕ್ಕವೇ ಮುಗಿದಿಲ್ಲ. ಗಡುವನ್ನು ಆಗಲೇ ಒಮ್ಮೆ ಮುಂದೂಡಿಸಿಕೊಂಡಾಗಿತ್ತು. ಈ ಸಲ ತಪ್ಪಿದರೆ ನೋಂದಣಿಯೇ ರದ್ದು. ಡ್ಯೂಟಿ ಮುಗಿಸಿ ಬಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದೆಲ್ಲ ನೀರುಪಾಲು.

"ಯಂತ್ರ ನಿಧಾನ ಅನ್ಸುತ್ತೆ," ಎಂದಳು.

ನಾನು ಪರದೆ ನೋಡಿದೆ. ಹವಾಮಾನ ವಿಭಾಗದ ಮೇಷ್ಟ್ರ ಲೆಕ್ಕ ಹೆಚ್ಚುಕಡಿಮೆ ಇಡೀ ಯಂತ್ರವನ್ನೇ ಬಾಚಿಕೊಂಡಿತ್ತು. ಎಲ್ಲಕ್ಕಿಂತ ಕೆಳಗೆ, ಹತ್ತೊಂಬತ್ತು ಎಂದು ಹಾಕಿಸಿಕೊಂಡು, ಅಕ್ಕನದು ತೆವಳುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ಹತ್ತೊಂಬತ್ತು ಯಾಕೆ ಹಾಕ್ದೆ?"

"ದಾರಿ ಬಿಡಿ ಅಂತ ನೀನೇ ಬರ್ದಿದ್ದೀಯಲ್ಲ. ವಾರ್ಡಲ್ಲೂ ಹಾಗೇ ಅಲ್ವಾ? ತುರ್ತು ಕೇಸು ಮೊದಲು. ನಂದೇನು ತುರ್ತು ಅಂತ ಬಿಟ್ಟೆ."

"ಮೇಷ್ಟ್ರದು ತುರ್ತು ಅಂತ ನಿಂಗ್ಯಾರು ಹೇಳಿದ್ದು?"

"ದೊಡ್ಡೋರು, ಇರುತ್ತೆ ಬಿಡು."

ಇವಳಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ ಎನಿಸಿತು. ಆದ್ದರಿಂದ ಬುದ್ಧಿ ಹೇಳಲಿಲ್ಲ, ಕೇಳಿದೆ.

"ನಿಮ್ಮ ವಾರ್ಡಲ್ಲಿ ಒಂದು ಕೂಸು ಕಿರುಚ್ಕೊಳ್ತಿದೆ, ಇನ್ನೊಂದು ಸುಮ್ಮನೆ ಬಿದ್ದಿದೆ. ಯಾವ್ದನ್ನ ಮೊದಲು ನೋಡ್ತೀಯ?"

"ಅಳದೇ ಇರೋದನ್ನ. ಅಳೋ ಕೂಸಿಗೆ ಉಸಿರಾದ್ರೂ ಇದೆ." ಅಷ್ಟು ಹೇಳಿ ಅಕ್ಕ ತಟ್ಟನೆ ಮುಂದಕ್ಕೆ ಬಗ್ಗಿದಳು. ಪರದೆಯ ಕೆಳಗಿನ ಸಾಲನ್ನೇ ನೋಡಿದಳು. "ಮುಗಿಯಕ್ಕೆ ಇನ್ನೆಷ್ಟು ದಿನ ಬೇಕು?"

"ಹೀಗೇ ಹೋದ್ರೆ ಬರೋ ತಿಂಗಳು."

ಕುರ್ಚಿ ಎಳೆದುಕೊಂಡು ಕೂತಳು. ಈಗ ಬಂದದ್ದು ವಾರ್ಡಿನ ದನಿ.

"ನಂದನ್ನ ಮುಂದೆ ತಗೋ."

"ಎಲ್ಲರಿಗಿಂತ ಮುಂದೆ ಹಾಕ್ಲಾ? ನನ್ನ ಕೈಲಿ ಆಗುತ್ತೆ. ಮೇಷ್ಟ್ರು ಬಾಯಿ ಬಾಯಿ ಬಿಡ್ಲಿ."

"ಬೇಡ. ಸೊನ್ನೆ ಹಾಕು, ಎಲ್ಲರ ಸಮ. ಅದು ಸಾಕಲ್ವಾ?"

ಭಾನುವಾರ ಸಂಜೆಗೆ ಆಗುತ್ತದೆ ಎಂದು ಲೆಕ್ಕ ಹಾಕಿ ಹೇಳಿದೆ, ಅಂಕಿ ಬದಲಿಸಿದೆ. ಕೆಳಗೆ ತೆವಳುತ್ತಿದ್ದ ಸಾಲು ಮೇಲೆ ಬಂದು ಮೇಷ್ಟ್ರ ಪಕ್ಕದಲ್ಲೇ ನಿಂತಿತು. ಸ್ವಂತ ಅಕ್ಕ ಎಂದು ಹೇಳುತ್ತಿಲ್ಲ, ಆ ಸಾಲು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು.

ಭಾನುವಾರ ಬೆಳಿಗ್ಗೆ ಇಬ್ಬರೂ ಕೇಂದ್ರದಲ್ಲಿದ್ದೆವು. ಅಕ್ಕ ಲಾಗಿನ್ ಆಗಿ, ಲೆಕ್ಕ ಎಲ್ಲಿಗೆ ಬಂತೆಂದು ನೋಡುತ್ತಿದ್ದಾಗ ಪರದೆಯ ಮೇಲೆ ಒಂದು ಸಂದೇಶ ಮೂಡಿತು. ಒಳಗಿರುವವರು ಯಾರ ಲೆಕ್ಕ ಎಲ್ಲಿದೆಯೆಂದು ನೋಡಬಹುದು, ಒಬ್ಬರಿಗೊಬ್ಬರು ಹಾಗೆ ಬರೆಯಲೂಬಹುದು. ಬರೆದವರು ಹವಾಮಾನದ ಮೇಷ್ಟ್ರು.

"ಮೇಡಂ, ಶುಕ್ರವಾರದಿಂದ ನನ್ನ ಲೆಕ್ಕ ನಿಧಾನವಾಗಿದೆ. ಅವಸರವೇನಿಲ್ಲ, ಆದರೂ ನಿಮ್ಮದನ್ನು ಮೊದಲಿನಂತೆ ಸ್ವಲ್ಪ ಹಿಂದೆ ಹಾಕಿಕೊಳ್ಳುತ್ತೀರಾ?"

ಕೇಳಿದ ರೀತಿ ಮರ್ಯಾದೆಯದೇ. ಅದೇ ನನಗೆ ಭಯ. ಮರ್ಯಾದೆಯಾಗಿ ಕೇಳಿದವರಿಗೆ ಅಕ್ಕ ಈವರೆಗೆ ಯಾವುದಕ್ಕೂ ಇಲ್ಲ ಎಂದವಳಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈಯೆತ್ತಿ ತಡೆದಳು. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು.

"ಸಾರ್, ನನ್ನದು ನಾಳೆಗೆ ಬೇಕು. ಸಂಜೆ ಮುಗಿಯುತ್ತದೆ. ಅಲ್ಲಿಯವರೆಗೆ ನೀವು ಕಾಯಿರಿ."