ನಾನು ಬಾವಿ ಕಾಯ್ದ ವಾರ

ಮೂಡಲಗಿಯ ಹೆಣ್ಣುಮಕ್ಕಳ ಶಾಲೆಗೆ ಹೊಸ ಅಕ್ಕೋರು ಬಂದಾಗ ನಾನು ಐದನೆಯ ಇಯತ್ತೆಯಲ್ಲಿದ್ದೆ. ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎಂದೇ ಕರೆಯುವುದು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಧಾರವಾಡದಲ್ಲಿ ಓದಿ, ನೌಕರಿ ಹಿಡಿದು ಬಂದವರು ಅವರು. ಗಟ್ಟಿ ಧ್ವನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಲೇ ಇಲ್ಲ. ಆದರೂ ಅವರು ಒಂದು ಮಾತು ಹೇಳಿದರೆ ಇಡೀ ಶಾಲೆ ಸುಮ್ಮನಾಗುತ್ತಿತ್ತು.

ಆಗ ನಮ್ಮೂರಲ್ಲಿ ನಾರುಹುಣ್ಣಿನ ಕಾಟ ಬಹಳ. ಬೇಸಿಗೆ ಬಂತೆಂದರೆ ಯಾವ ಓಣಿಗೆ ಹೋದರೂ ಕಟ್ಟೆಯ ಮೇಲೆ ಕಾಲು ಚಾಚಿ ಕೂತವರು ಕಾಣುತ್ತಿದ್ದರು. ಮೊದಲು ಒಂದು ಗುಳ್ಳೆ ಏಳುತ್ತದೆ. ಕೆಂಡ ಇಟ್ಟಂಥ ಉರಿ. ಗುಳ್ಳೆ ಒಡೆದ ಮೇಲೆ ಬಿಳಿಯ ದಾರದಂಥ ಹುಳು ತಲೆ ಹೊರಗೆ ಹಾಕುತ್ತದೆ. ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಾ ಒಂದಿಷ್ಟಿಷ್ಟೇ ಹೊರಗೆ ಎಳೆಯಬೇಕು. ಅವಸರ ಮಾಡಿ ಹರಿದರೆ ಕಾಲು ಬಾತು ಕೀವು ತುಂಬುತ್ತದೆ. ತಾಯಿ ಹೀಗೆ ಮಲಗಿದರೆ ಮಗಳ ಶಾಲೆ ನಿಂತಿತೆಂದೇ ಅರ್ಥ. ಆ ವರ್ಷ ನಮ್ಮ ತರಗತಿ ಅರ್ಧಕ್ಕರ್ಧ ಖಾಲಿಯಾಯಿತು.

ಅಕ್ಕೋರು ಒಂದು ದಿನ ಪಾಠ ನಿಲ್ಲಿಸಿ, ಉಳಿದ ನಮ್ಮನ್ನೆಲ್ಲ ಊರ ಬಾವಿಗೆ ಕರೆದುಕೊಂಡು ಹೋದರು. ಅದು ಮೆಟ್ಟಿಲ ಬಾವಿ. ಹೆಂಗಸರು ಇಳಿದು ಹೋಗಿ, ಮೊಣಕಾಲವರೆಗೆ ನೀರಲ್ಲಿ ನಿಂತು ಕೊಡ ತುಂಬುತ್ತಿದ್ದರು.

“ಹುಣ್ಣಿನ ಕಾಲು ನೀರಿಗಿಳದರ ಹುಳದ ಮರಿ ನೀರಾಗ ಬೀಳ್ತಾವ. ಆ ನೀರ ಕುಡದವ್ರಿಗೆ ಬರೂ ವರ್ಷ ಹುಣ್ಣ ಏಳತೈತಿ” ಎಂದರು ಅಕ್ಕೋರು.

“ಹಂಗಾರ ಏನ ಮಾಡಬೇಕ್ರಿ?” ಎಂದು ನಮ್ಮಲ್ಲಿ ಯಾರೋ ಕೇಳಿದರು.

“ಅದನ್ನ ನೀವ ಹೇಳ್ರಿ. ಊರು ನಿಮ್ಮದೈತಿ.”

ಬಾವಿಯ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಮಾತಾಡಿದೆವು. ಯಾರೂ ನೀರಿಗಿಳಿಯದಂತೆ ನೋಡಿಕೊಳ್ಳುವುದು, ಒಣ ಮೆಟ್ಟಿಲ ಮೇಲೆ ನಿಂತು ನಾವೇ ನೀರು ಮೊಗೆದು ಕೊಡುವುದು, ಹಳೆಯ ಧೋತರದ ಬಟ್ಟೆ ಮಡಚಿ ಕೊಡದ ಬಾಯಿಗೆ ಹಿಡಿದು ಸೋಸುವುದು ಎಂದು ಗೊತ್ತು ಮಾಡಿಕೊಂಡೆವು. ವಾರಕ್ಕೊಬ್ಬಳು ಹುಡುಗಿ ಮುಂದಾಳು. ಅವಳು ಹೇಳಿದಂತೆ ಉಳಿದವರು ಕೇಳಬೇಕು, ಅಕ್ಕೋರೂ ಸೇರಿ. ಈ ಕೊನೆಯ ಮಾತು ಹೇಳಿದ್ದು ಅಕ್ಕೋರೇ. ನಮಗೆ ನಗು ಬಂದಿತ್ತು, ಅವರು ನಗಲಿಲ್ಲ.

ಮೊದಲ ವಾರ ನಮ್ಮಲ್ಲಿ ಎಲ್ಲರಿಗಿಂತ ದೊಡ್ಡವಳ ಪಾಳಿ. ಕುರುಬರ ಮನೆಯ ಹುಡುಗಿ, ಕುರಿ ಕೂಗಿ ಕೂಗಿ ಪಳಗಿದ ಗಂಟಲು. ಮೆಟ್ಟಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿ ಕೂಗಿದಳು. ಹೆಂಗಸರು ಅವಳ ಕೈ ಕೆಳಗೇ ಬಗ್ಗಿ ಇಳಿದುಹೋದರು. “ನಿಮ್ಮಕ್ಕೋರು ಬರೂಕಿಂತ ಮೊದ್ಲ ನಾವು ನೀರ ಕುಡದಿಲ್ಲೇನು?” ಎಂದು ಒಬ್ಬಾಕೆ ಗದರಿದಳು. ಎರಡನೆಯ ವಾರದವಳು ಹಗ್ಗ ಕಟ್ಟಿದಳು. ಸಂಜೆಯೊಳಗೆ ಅದನ್ನು ಯಾರೋ ಎಮ್ಮೆ ಕಟ್ಟಲು ಬಿಚ್ಚಿಕೊಂಡು ಹೋಗಿದ್ದರು.

ಮೂರನೆಯದು ನನ್ನ ಪಾಳಿ. ಹಾಜರಿ ಕೂಗಿದಾಗಲೂ ನಾನು ತಲೆ ತಗ್ಗಿಸಿ ಉತ್ತರ ಕೊಡುವವಳು.

“ನನ್ನ ಬಿಡ್ರಿ ಅಕ್ಕೋರ, ನನಗ ಮಂದಿ ಮುಂದ ಮಾತಾಡಾಕ ಬರೂದಿಲ್ಲ” ಎಂದೆ.

“ಮಾತು ಆಮ್ಯಾಲ. ನೋಡಾಕ ಬರತೈತಿಲ್ಲೊ? ಒಂದ ದಿನ ಬರೇ ನೋಡು” ಎಂದರು.

ಮರುದಿನ ಬೆಳಿಗ್ಗೆ ಬಾವಿಯ ಮೂಲೆಯಲ್ಲಿ ನಿಂತು ನೋಡಿದೆ. ಕೊಡ ತುಂಬುವುದು ಎಷ್ಟು ಹೊತ್ತಿನ ಕೆಲಸ? ಬಗ್ಗಿ ಎದ್ದರೆ ಮುಗಿಯಿತು. ಆದರೆ ಕೆಲವರು ಕೊಡ ತುಂಬಿದ ಮೇಲೂ ನೀರಲ್ಲಿ ಸುಮ್ಮನೆ ನಿಂತಿರುತ್ತಿದ್ದರು. ಅವರಲ್ಲಿ ನನ್ನ ಆಯಿಯೂ ಇದ್ದಳು, ಅಪ್ಪನ ತಾಯಿ. ತುಂಬಿದ ಕೊಡ ಮೆಟ್ಟಿಲ ಮೇಲಿಟ್ಟು, ಗೋಡೆಗೆ ಕೈ ಆನಿಸಿ, ಕಣ್ಣು ಮುಚ್ಚಿ ನಿಂತಿದ್ದಳು. ಅವಳ ಮುಖ ಅಷ್ಟು ಸಡಿಲವಾಗಿದ್ದನ್ನು ನಾನು ಮನೆಯಲ್ಲಿ ಕಂಡಿರಲಿಲ್ಲ.

ಮಧ್ಯಾಹ್ನ ಅವಳು ಜೋಳ ಹಸನು ಮಾಡುತ್ತಿದ್ದಾಗ ಪಕ್ಕದಲ್ಲಿ ಕೂತು, ಸೀರೆಯ ಅಂಚು ಮೆಲ್ಲಗೆ ಸರಿಸಿದೆ. ಹಿಮ್ಮಡಿಯ ಮೇಲೆ ಗುಳ್ಳೆ ಒಡೆದಿತ್ತು.

“ಆಯಿ, ಯಾಕ ಹೇಳಲಿಲ್ಲ?”

“ಹೇಳಿ ಏನ ಮಾಡ್ಲಿ? ನಿಮ್ಮವ್ವ ಬಸರಿ. ನಾ ಮಲಗಿದ್ರ ನೀರು ನಿಡಿ, ರೊಟ್ಟಿ, ಎಲ್ಲಾ ಆಕಿ ಮ್ಯಾಲ ಬೀಳತೈತಿ” ಎಂದು ಸೀರೆ ಎಳೆದುಕೊಂಡಳು. ಮತ್ತೆ ಜೋಳಕ್ಕೆ ಕೈ ಹಾಕಿ ತಾನೇ ಹೇಳಿದಳು: “ಉರಿ ತಡಿಯಾಕ ಆಗೂದಿಲ್ಲವಾ. ಆ ನೀರಾಗ ನಿಂತಷ್ಟೊತ್ತು ಜೀವಕ್ಕ ಹಿತ ಅನಸತೈತಿ.”

ನನಗೆ ಅವತ್ತು ತಿಳಿಯಿತು. ನಾವು ಇವರನ್ನು ನೀರಿನಿಂದ ದೂರ ನಿಲ್ಲಿಸುತ್ತಿದ್ದೆವು, ಉರಿಯುವ ಕಾಲಿಗೆ ಬೇರೆ ಏನನ್ನೂ ಕೊಟ್ಟಿರಲಿಲ್ಲ.

ಸಂಜೆ ಹುಡುಗಿಯರನ್ನು ಕರೆದು ಹೇಳಿದೆ. ತಲೆ ತಗ್ಗಿಸಿಕೊಂಡೇ, ಆದರೂ ಹೇಳಿ ಮುಗಿಸಿದೆ. ಬಾವಿಯಿಂದ ಆಚೆ, ನೀರು ಹರಿದು ಹೊಲದ ಕಡೆ ಹೋಗುವ ಇಳಿಜಾರಿನಲ್ಲಿ ಬಟ್ಟೆ ಒಗೆಯುವ ಚಪ್ಪಟೆ ಕಲ್ಲುಗಳಿದ್ದವು. ಕಾಲುರಿ ಇದ್ದವರನ್ನು ಅಲ್ಲಿ ಕೂಡಿಸಿ ತಣ್ಣೀರು ಹಾಕೋಣ. ಅಷ್ಟರಲ್ಲಿ ಅವರ ಕೊಡ ಸೋಸಿ ತುಂಬೋಣ ಎಂದೆ. ಅಕ್ಕೋರ ಮುಖ ನೋಡಿದೆ. “ವಾರದಾಕಿ ನೀನು. ನಾ ಎಲ್ಲಿ ನಿಂದರಲಿ, ಹೇಳು” ಎಂದರು. ನೀರು ಮೊಗೆಯುವ ಕಡೆ ನಿಲ್ಲಿರಿ ಎಂದೆ. ನಿಂತರು.

ಬೆಳಿಗ್ಗೆ ಆಯಿ ಬಂದಳು. ಕೈ ಹಿಡಿದು ಕಲ್ಲಿನ ಕಡೆ ಕರೆದೆ. “ಏ ಬಿಡ, ಸಾಲಿ ಹುಡುಗ್ಯಾರ ಕೈಲೆ ಕಾಲ ತೊಳಸ್ಕೊಳ್ಳೂದೇನು” ಎಂದು ಸಂಕೋಚಪಟ್ಟಳು. ಮೊದಲ ವಾರ ಕೂಗಿದ ಆ ದೊಡ್ಡ ಹುಡುಗಿ ಮಾತಿಲ್ಲದೆ ಅವಳ ಕಾಲ ಬಳಿ ಕೂತು, ಚರಿಗೆ ಬಗ್ಗಿಸಿ ಸಣ್ಣ ಧಾರೆಯಾಗಿ ನೀರು ಬಿಟ್ಟಳು. ಆಯಿ ಒಮ್ಮೆ ನಿಟ್ಟುಸಿರು ಬಿಟ್ಟು, ಆ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಹಾಗೇ ಕೂತುಬಿಟ್ಟಳು. ಜಾತಿಯ ಕಾರಣಕ್ಕೆ ನಮ್ಮ ಮನೆಯ ನಡುಮನೆಯೊಳಗೆ ಎಂದೂ ಬರಲಾಗದ ಹುಡುಗಿ ಅವಳು. ಆ ಹೊತ್ತಿನಲ್ಲಿ ಅದು ಇಬ್ಬರಿಗೂ ನೆನಪಾಗಲಿಲ್ಲ ಎಂದು ಕಾಣುತ್ತದೆ.

ನೋಡುತ್ತಿದ್ದ ಇನ್ನೊಬ್ಬ ಮುದುಕಿ, “ನನಗೂ ಅಷ್ಟ ಹಾಕ್ರೆವಾ” ಎಂದು ಪಕ್ಕದ ಕಲ್ಲಿನ ಮೇಲೆ ಕೂತಳು. ಆಮೇಲೆ ನಾವು ಯಾರನ್ನೂ ಕರೆಯಬೇಕಾಗಲಿಲ್ಲ. ಕೂತವರು ತಮ್ಮ ತಮ್ಮಲ್ಲಿ ಸುಖದುಃಖ ಮಾತಾಡುತ್ತಿದ್ದರು. ಅಕ್ಕೋರು ಕುದಿಸಿ ಒಣಗಿಸಿ ತಂದ ಅರಿವೆಯ ಪಟ್ಟಿ ಕಟ್ಟುವುದನ್ನು ನಾವು ಕಲಿತೆವು. ನಮ್ಮನ್ನು ಗದರಿದ್ದ ಆ ಹೆಂಗಸೇ ವಾರದ ಕೊನೆಗೆ, ನೀರಿಗಿಳಿಯಲು ಹೊರಟ ಒಬ್ಬ ಹೊಸ ಸೊಸೆಯನ್ನು ತಡೆದು ನಿಲ್ಲಿಸಿದಳು.

ಸುದ್ದಿ ಅಪ್ಪನ ಕಿವಿಗೆ ಬಿತ್ತು. ಸಂಜೆ ಮನೆಗೆ ಬಂದವನೇ ನನ್ನನ್ನು ಕರೆದ. “ನಿನ್ನ ಸಾಲಿಗೆ ಕಳಸಿದ್ದು ಮಂದಿ ಕಾಲ ತೊಳಿಯಾಕಲ್ಲ. ನಾಳಿಯಿಂದ ಮನ್ಯಾಗ ಇರು.”

ನಾನು ಕಂಬ ಹಿಡಿದು ನಿಂತೆ. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಆಯಿ ಹೊರಗಿನ ಕಟ್ಟೆಯಿಂದ ಒಳಗೆ ಬಂದಳು. ಕುಂಟುವುದನ್ನು ಅವಳು ಅಂದು ಮುಚ್ಚಿಡಲಿಲ್ಲ.

“ಮಂದಿ ಕಾಲಲ್ಲೋ. ನಿಮ್ಮವ್ವನ ಕಾಲು” ಎಂದು ಅಪ್ಪನ ಎದುರು ಕೂತು ಪಟ್ಟಿ ಬಿಚ್ಚಿದಳು.

ಅಪ್ಪ ನೋಡಿದ. ಒಂದೇ ಮನೆಯಲ್ಲಿದ್ದು ತನಗೆ ಗೊತ್ತಾಗಲಿಲ್ಲವಲ್ಲ ಎಂಬ ನೋವು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಹಿತ್ತಿಲಿಗೆ ಹೋಗಿ ಒಂದು ಕಡ್ಡಿಯನ್ನು ನುಣ್ಣಗೆ ಕೆತ್ತಿ ತಂದ. ತಾಯಿಯ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹುಳುವನ್ನು ಕಡ್ಡಿಗೆ ಸುತ್ತತೊಡಗಿದ. ಕೈಯಲ್ಲಿ ಗುದ್ದಲಿ ಹಿಡಿಯುವ ಮನುಷ್ಯ ಅಷ್ಟು ಹಗುರವಾಗಿ ಕೆಲಸ ಮಾಡುವುದನ್ನು ನಾನು ಅಂದೇ ನೋಡಿದ್ದು.

“ಈಕಿ ಏಳನೇ ಇಯತ್ತೆ ಮುಗಸಲಿ. ಲಗ್ನದ ಮಾತು ಆಮ್ಯಾಲ ತಗೀ” ಎಂದಳು ಆಯಿ.

“ಹೂಂ ಅವ್ವಾ” ಎಂದ ಅಪ್ಪ, ಕಡ್ಡಿಯಿಂದ ಕಣ್ಣು ತೆಗೆಯದೆ.

ಆಯಿಯ ಕಾಲು ಮಳೆಗಾಲದ ಹೊತ್ತಿಗೆ ಮಾಯಿತು. ಹುಣ್ಣು ಊರು ಬಿಟ್ಟು ಒಮ್ಮೆಲೇ ಹೋಗಲಿಲ್ಲ. ಆದರೆ ಮರುವರ್ಷ ಕಟ್ಟೆಯ ಮೇಲೆ ಕಾಲು ಚಾಚಿ ಕೂತವರು ಕಡಿಮೆಯಾಗಿದ್ದರು, ತರಗತಿಯಲ್ಲಿ ಹುಡುಗಿಯರು ಹೆಚ್ಚಾಗಿದ್ದರು. ಕೆಲವು ವರ್ಷಗಳಾದ ಮೇಲೆ ಊರ ಗಂಡಸರು ಬಾವಿಗೆ ಹಗ್ಗದಿಂದ ನೀರು ಸೇದುವ ಗಡಗಡಿ ಹಾಕಿಸಿ ಮೆಟ್ಟಿಲು ಮುಚ್ಚಿದರು.

ಅಷ್ಟರೊಳಗೆ ಅಕ್ಕೋರಿಗೆ ಹುಕ್ಕೇರಿಗೆ ವರ್ಗವಾಗಿತ್ತು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ಅಲ್ಲಿಗೆ ಹತ್ತಿರದ ದಡ್ಡಿ ಎಂಬ ಊರಲ್ಲೂ ಇದೇ ಹುಣ್ಣಿನ ಕಾಟವಿದೆ, ನಾಲ್ಕು ಹುಡುಗಿಯರನ್ನು ಕಳಿಸಿ ಎಂದು ಅವರಿಂದ ಹೇಳಿಕೆ ಬಂತು. ಅಪ್ಪನೇ ಗಾಡಿ ಹೂಡಿದ.

ದಡ್ಡಿಯ ಬಾವಿಯ ಬಳಿ ಹೆಂಗಸರು ಸೆರಗು ಹೊದ್ದು, ನಾವೇನು ಹೇಳುತ್ತೇವೋ ಎಂದು ನಿಂತಿದ್ದರು. ಅಕ್ಕೋರು ನನ್ನ ಕಡೆ ನೋಡಿದರು. ಹೇಳಬೇಕೆಂದುಕೊಂಡು ಬಂದಿದ್ದೆಲ್ಲ ಮರೆತುಹೋಯಿತು. ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಮುದುಕಿಯ ಪಕ್ಕದಲ್ಲಿ ಹೋಗಿ ಕೂತೆ.

“ಕಾಲ ಭಾಳ ಉರಿತೈತೇನ್ರಿ ಯವ್ವಾ?” ಎಂದು ಕೇಳಿದೆ.

ಅವಳು ನನ್ನನ್ನು ನೋಡಿ, ಸ್ವಲ್ಪ ಸರಿದು ಜಾಗ ಮಾಡಿಕೊಟ್ಟು, ಹೇಳಲು ಶುರು ಮಾಡಿದಳು. ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಕೊಡ ಕೆಳಗಿಟ್ಟು ನಮ್ಮ ಸುತ್ತ ಕೂತರು.