ಎಡಕ್ಕೊಂದು ಗಂಟು, ಬಲಕ್ಕೆರಡು

ಅವರ ಬಲಗೈ ಹೆಬ್ಬೆರಳಿನ ಉಗುರಿನ ನಟ್ಟನಡುವೆ ಒಂದು ಕಚ್ಚು ಇತ್ತು. ಗರಗಸದಿಂದ ಕೊಯ್ದಷ್ಟು ನೇರ, ಸವೆದು ಸವೆದು ನುಣುಪಾದದ್ದು. ತಂತಿಯನ್ನು ಆ ಕಚ್ಚಿನೊಳಗೆ ಕೂರಿಸಿ, ತೋರುಬೆರಳಿನಿಂದ ಒತ್ತಿ ಹಿಡಿದು ಒಮ್ಮೆ ಎಳೆದರೆ ಮೇಲಿನ ಪ್ಲಾಸ್ಟಿಕ್ಕು ಹುಣಸೆಹಣ್ಣಿನ ಸಿಪ್ಪೆಯಂತೆ ಕಳಚಿ ಬರುತ್ತಿತ್ತು. ಒಳಗಿನ ತಾಮ್ರದ ಒಂದು ಎಳೆಯೂ ತುಂಡಾಗುತ್ತಿರಲಿಲ್ಲ. ಮೊದಲ ಸಲ ಅದನ್ನು ನೋಡಿದಾಗ ನಾನು, "ಮಾಮ, ಇನ್ನೊಂದ್ಸಲ ಮಾಡಿ" ಎಂದಿದ್ದೆ. ಅವರು ಇನ್ನೊಂದು ತಂತಿ ಹಾಳುಮಾಡಲು ಒಪ್ಪಲಿಲ್ಲ.

ಕುಮಟೆಯ ಪೇಟೆಯಲ್ಲಿ ಅವರ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ರೇಡಿಯೋ ಮಾಮ ಎಂಬ ಹೆಸರು ಹಾಗೇ ಉಳಿದಿತ್ತು. ಹೊಳನಗದ್ದೆಯ ಮನೆಯ ಜಗಲಿಯಲ್ಲಿ ಒಂದು ಮೇಜು, ಬಿಡಿಭಾಗ ಅಳೆಯುವ ಒಂದು ಮೀಟರು, ಬೆಸುಗೆ ಹಾಕುವ ಒಂದು ಸೋಲ್ಡರಿಂಗ್ ಐರನ್ನು ಇಟ್ಟುಕೊಂಡು ಕೂತಿರುತ್ತಿದ್ದರು. ನಮ್ಮ ಮನೆ ಅಲ್ಲಿಂದ ನಾಲ್ಕು ಹಿತ್ತಲು ಆಚೆ. ನಾನು ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ವಯಸ್ಸಿನಲ್ಲಿ ಮಗಳಂಥವಳಾದರೂ ಅವರ ಬಾಯಲ್ಲಿ ನಾನು ಯಾವಾಗಲೂ 'ಅಕ್ಕೋರು'; ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಕರೆಯುವುದೇ ಹಾಗೆ.

ಯಾರು ಎಂಥ ಕೆಟ್ಟ ಸಾಮಾನು ತಂದರೂ ಅವರ ಮೊದಲ ಮಾತು, "ಆತು, ಇಟ್ಟು ಹೋಗಿ." ರಿಪೇರಿಯಾಯಿತು ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. "ಈಗ ಮಾತಾಡ್ತದೆ" ಎನ್ನುತ್ತಿದ್ದರು. ಅವರ ಕೈಯಿಂದ ಹೊರಬಿದ್ದ ಸಾಮಾನುಗಳಿಗೆಲ್ಲ ಒಂದು ಗುರುತಿತ್ತು. ಒಳಗಿನ ತಂತಿಗಳಲ್ಲಿ ಸಣ್ಣ ಸಣ್ಣ ಗಂಟುಗಳು: ಎಡಗಡೆಯದಕ್ಕೆ ಒಂದು, ಬಲಗಡೆಯದಕ್ಕೆ ಎರಡು, ಕರೆಂಟು ಬರುವುದಕ್ಕೆ ಮೂರು. ಅವರಲ್ಲಿ ಕೆಲಸ ಕಲಿತವರು ಹೊನ್ನಾವರ, ಭಟ್ಕಳದಲ್ಲೆಲ್ಲ ಅಂಗಡಿ ಇಟ್ಟಿದ್ದಾರೆ. ಇವತ್ತಿಗೂ ಅವರು ತಂತಿಗೆ ಗಂಟು ಹಾಕುತ್ತಾರೆ. ಯಾಕೆ ಎಂದು ಕೇಳಿದರೆ, "ಅದು ಪದ್ಧತಿ" ಎನ್ನುತ್ತಾರೆ. ಇನ್ನೊಂದು ಅಭ್ಯಾಸ, ಮೀಟರಿಗೆ ಹಿಡಿಯದೆ ಯಾವ ತುಣುಕನ್ನೂ ಕೂರಿಸುತ್ತಿರಲಿಲ್ಲ. ಕಡಲೆ ಗಾತ್ರದ ಬಿಡಿಭಾಗವಾದರೂ ಅಳೆದು, ಅಂಕಿಯನ್ನು ಬಾಯಿಬಿಟ್ಟು ಹೇಳಿಯೇ ಮುಂದಕ್ಕೆ ಹೋಗುತ್ತಿದ್ದರು. ಈ ಶಿಸ್ತನ್ನು ನಾನು ತರಗತಿಯಲ್ಲಿ ಮಕ್ಕಳಿಗೆ ಕತೆಯಂತೆ ಹೇಳುತ್ತಿದ್ದೆ.

ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಗಣಿತದ ಅಕ್ಕೋರು, ಭಟ್ಕಳದವರು, ನನ್ನನ್ನು ಮನೆಗೆ ಕರೆದುಕೊಂಡು ಹೋದರು. ಅವರ ತಂದೆ ಹಡಗಿನಲ್ಲಿ ಕೆಲಸಕ್ಕಿದ್ದವರು. ಪ್ರತಿ ರಜೆಯಲ್ಲಿ ಸ್ಟೀರಿಯೋದ ಒಂದೊಂದು ಭಾಗ ತಂದಿದ್ದರಂತೆ. ಒಮ್ಮೆ ರೆಕಾರ್ಡ್ ಪ್ಲೇಯರು, ಒಮ್ಮೆ ಆಂಪ್ಲಿಫೈಯರು, ಒಮ್ಮೆ ಸ್ಪೀಕರಿನ ಜೋಡಿ, ಜೊತೆಗೆ ಒಂದು ಪೆಟ್ಟಿಗೆ ತುಂಬ ರೆಕಾರ್ಡುಗಳು. ಉಳಿದದ್ದು ಪ್ರೀಆಂಪ್ಲಿಫೈಯರು. ರೆಕಾರ್ಡಿನ ಮುಳ್ಳು ಎತ್ತಿಕೊಡುವ ಸದ್ದು ಇರುವೆಯ ಸದ್ದಿನಷ್ಟು. ಅದನ್ನು ಮೊದಲು ಬೆಳೆಸಿ, ತಿದ್ದಿ, ಆಂಪ್ಲಿಫೈಯರಿಗೆ ಒಪ್ಪಿಸುವುದು ಇದರ ಕೆಲಸ. ಅದಿಲ್ಲದೆ ಉಳಿದದ್ದೆಲ್ಲ ಮೂಕ. ಅದೊಂದನ್ನಾದರೂ ತನ್ನ ಕೈಯಲ್ಲೇ ಕಟ್ಟಬೇಕೆಂದು ಅವರು ಬಿಡಿಭಾಗಗಳ ಕಿಟ್ಟನ್ನು ತಂದಿಟ್ಟರು. ಕಟ್ಟುವ ಮೊದಲೇ ತೀರಿಕೊಂಡರು. ಅಂದಿನಿಂದ ನಲವತ್ತು ವರ್ಷ ಆ ಡಬ್ಬಿಯನ್ನು ಯಾರೂ ಬಿಚ್ಚಿರಲಿಲ್ಲ.

ಗಣಿತದ ಅಕ್ಕೋರ ತಾಯಿಗೆ ಎಂಬತ್ತು ದಾಟಿತ್ತು. ಭಟ್ಕಳದ ಮುಸ್ಲಿಮರ ಮನೆಮಾತಾದ ನವಾಯತಿ ಬೆರೆತ ಕನ್ನಡದಲ್ಲಿ ನಿಧಾನವಾಗಿ ಹೇಳಿದರು. "ವಾರಕ್ಕೊಮ್ಮೆ ಒರೆಸ್ತೇನೆ, ಮುಚ್ಚಿಡ್ತೇನೆ. ಅದರ ಆವಾಜು ಹೇಗುಂಟು ನಂಗೆ ಗೊತ್ತಿಲ್ಲ, ಬೇಟಿ. ಕಣ್ಣು ಮುಚ್ಚುವ ಮೊದಲು ಒಮ್ಮೆ ಕೇಳ್ಬೇಕು."

ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಮಟೆಗೆ ತಂದೆ.

ರೇಡಿಯೋ ಮಾಮ ಡಬ್ಬಿಯ ಮುಚ್ಚಳ ತೆಗೆದವರು ಸ್ವಲ್ಪ ಹೊತ್ತು ಏನನ್ನೂ ಮುಟ್ಟಲಿಲ್ಲ. ಕಾಗದದ ಪೊಟ್ಟಣಗಳಲ್ಲಿ ರೆಸಿಸ್ಟರುಗಳು, ಹತ್ತಿಯಲ್ಲಿ ಸುತ್ತಿದ ಟ್ರಾನ್ಸಿಸ್ಟರುಗಳು, ಬೆಳ್ಳಿಯಂತೆ ಹೊಳೆಯುವ ಗುಂಡಿಗಳು. ಕೊನೆಗೆ ಬಗ್ಗಿ ಮೂಸಿದರು. "ಇದ್ನ ಪ್ಯಾಕ್ ಮಾಡ್ದವ್ರು ಮರ್ಯಾದಸ್ಥರು" ಎಂದರು. ಆದರೆ ಕಟ್ಟುವ ಕ್ರಮ ಹೇಳುವ ಪುಸ್ತಕದ ಅರ್ಧವನ್ನು ಒರಲೆಹುಳು ತಿಂದಿತ್ತು. ಎಡಗಡೆಯ ದನಿಯ ಪುಟಗಳೆಲ್ಲ ಮಣ್ಣು. "ಇನ್ನು ಇದನ್ನ ಕಟ್ಟೂದು ಹೇಗೆ ಮಾಮ?" ಎಂದೆ. ಅವರು ಮಾತ್ರ ಬಿಡಿಭಾಗಗಳನ್ನು ಕೂರಿಸುವ ಹಸಿರು ಬೋರ್ಡನ್ನು ಎತ್ತಿ ಬಿಸಿಲಿಗೆ ಹಿಡಿದರು. ತಾಮ್ರದ ಗೆರೆಗಳು ಎಲೆಯ ನರಗಳಂತೆ ಕಂಡವು.

"ಎಂತಕ್ಕೆ ಹೆದ್ರೂದು ಅಕ್ಕೋರೆ? ಒಂದು ಕಿವಿಗೆ ಇದ್ದದ್ದೇ ಇನ್ನೊಂದು ಕಿವಿಗೂ. ಬಲಗಡೆದು ಪುಸ್ತಕದಲ್ಲಿ ಅದೆ. ಎಡಗಡೆದು ಇದ್ರಲ್ಲೇ ಬರ್ದಿದ್ದು ಅದೆ. ಬರ್ಕಳಿ."

ಅವರು ಗೆರೆಗಳ ಮೇಲೆ ಬೆರಳಾಡಿಸುತ್ತ ಹೇಳುತ್ತ ಹೋದರು, ನಾನು ಗ್ರಾಫ್ ಹಾಳೆಯಲ್ಲಿ ಬಿಡಿಸುತ್ತ ಹೋದೆ. ಸಂಜೆಯ ಹೊತ್ತಿಗೆ ಒರಲೆ ತಿಂದ ಪುಟಗಳು ನನ್ನ ಕೈಬರಹದಲ್ಲಿ ಮೇಜಿನ ಮೇಲಿದ್ದವು. ಹದಿನೆಂಟು ವರ್ಷ ವಿದ್ಯುತ್ತಿನ ಪಾಠ ಮಾಡಿದ ನನಗೆ ವಿದ್ಯುತ್ತು ಹರಿಯುವ ದಾರಿ ಕಣ್ಣಿಗೆ ಕಂಡದ್ದು ಅವತ್ತೇ.

ರೆಸಿಸ್ಟರುಗಳನ್ನು ವಿಂಗಡಿಸುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಅವುಗಳ ಮೈಮೇಲಿನ ಬಣ್ಣದ ಪಟ್ಟಿಗಳಿಂದ, ಅವು ಕರೆಂಟನ್ನು ಎಷ್ಟು ತಡೆಯುತ್ತವೆ ಎಂಬ ಬೆಲೆಯನ್ನು ಓದಬೇಕು. ಕಂದು ಅಂದರೆ ಒಂದು, ಕೆಂಪು ಅಂದರೆ ಎರಡು, ಹಸಿರು ಅಂದರೆ ಐದು. ಕಾಲೇಜಿನಲ್ಲಿ ಕಲಿತ ವಿಷಯವೇ. ಒಂದು ಇಡೀ ಭಾನುವಾರ ಕೂತು, ಇಡ್ಲಿ ತಟ್ಟೆಯ ಒಂದೊಂದು ಕುಳಿಯಲ್ಲಿ ಒಂದೊಂದು ಬೆಲೆಯವನ್ನು ಜೋಡಿಸಿ, ಚೀಟಿ ಅಂಟಿಸಿ ಕೊಟ್ಟೆ. ಅವರು "ಚಂದ ಆತು" ಎಂದರು. ಎಂದವರೇ ಮೊದಲ ಕುಳಿಯ ಮೊದಲ ರೆಸಿಸ್ಟರನ್ನು ಎತ್ತಿ ಮೀಟರಿಗೆ ಹಿಡಿದರು. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು.

ನನಗೆ ನೋವಾಯಿತು. "ಮಾಮ, ನನ್ನ ಮೇಲೆ ನಂಬಿಕೆ ಇಲ್ವಾ? ಮೂರ್ಮೂರು ಸಲ ನೋಡೇ ಇಟ್ಟಿದ್ದೆ."

ಅವರು ಮೀಟರನ್ನು ನನ್ನ ಕಡೆ ತಿರುಗಿಸಿದರು. ಬಣ್ಣ ಹತ್ತು ಸಾವಿರ ಎನ್ನುತ್ತಿದ್ದ ರೆಸಿಸ್ಟರು ಮೀಟರಿನಲ್ಲಿ ಹದಿಮೂರು ಸಾವಿರಕ್ಕೆ ನಿಂತಿತ್ತು. ಪಕ್ಕದ್ದು ಹನ್ನೊಂದಕ್ಕೆ. "ನೀವು ಓದಿದ್ದು ತಪ್ಪಲ್ಲ. ನಲವತ್ತು ಮಳೆಗಾಲ ಉಪ್ಪುಗಾಳಿ ಕುಡ್ದಾವೆ. ಮೇಲಿನ ಬಣ್ಣ ಹಂಗೇ ಅದೆ, ಒಳಗಿಂದು ಬೇರೆ ಆಗದೆ."

ಆಮೇಲೆ, ಒಳಗೆ ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೇಳದ ಹಾಗೆ ಹೇಳಿದರು. "ಮತ್ತೆ, ನಂಗೆ ಬಣ್ಣ ಕಾಣೂದೂ ಇಲ್ಲ."

ನನಗೆ ಅರ್ಥವಾಗಲಿಲ್ಲ.

"ಕೆಂಪು, ಹಸಿರು, ಕಂದು, ನಂಗೆ ಎಲ್ಲಾ ಒಂದೇ ಕೆಸರು. ಹುಟ್ಟಿದಾಗಿಂದ."

ಹರೆಯದಲ್ಲಿ ಅವರು ಮುಂಬೈಗೆ ಹೋಗಿ ಹಡಗಿನ ವಾಯರ್‌ಲೆಸ್ ಕೆಲಸ ಕಲಿತಿದ್ದರು. ಪರೀಕ್ಷೆ ಪಾಸಾಗಿ, ಹಡಗು ಗೊತ್ತಾಗಿ, ಟ್ರಂಕೂ ಕೊಂಡಾಗಿತ್ತು. ಕೊನೆಗೆ ವೈದ್ಯರೊಬ್ಬರು ಬಣ್ಣಬಣ್ಣದ ಚುಕ್ಕೆಗಳಿದ್ದ ಒಂದು ಪುಸ್ತಕವನ್ನು ಮುಂದಿಟ್ಟು, ಇದರಲ್ಲಿ ಯಾವ ಅಂಕಿ ಕಾಣುತ್ತದೆ ಎಂದು ಕೇಳಿದರಂತೆ. ಇವರಿಗೆ ಚುಕ್ಕೆ ಬಿಟ್ಟು ಬೇರೇನೂ ಕಾಣಲಿಲ್ಲ. ತನ್ನ ಕಣ್ಣಿನ ಸಂಗತಿ ತನಗೇ ತಿಳಿದದ್ದು ಆ ಕುರ್ಚಿಯ ಮೇಲೆ. ಊರಿಗೆ ಬಂದು, ಸಮುದ್ರದ ಮೇಲೆ ತಲೆ ತಿರುಗುತ್ತದೆ ಎಂದು ಸುಳ್ಳು ಹೇಳಿ ಅಂಗಡಿ ಹಾಕಿದರು. ಬಣ್ಣದ ತಂತಿಗಳ ನಡುವೆಯೇ ಐವತ್ತು ವರ್ಷ ಬದುಕಿದರು. ಯಾರಿಗೂ ಹೇಳಲಿಲ್ಲ; ಹೇಳಿದರೆ ರೇಡಿಯೋ ಯಾರು ಕೊಡುತ್ತಾರೆ? ಅದಕ್ಕೇ ಗಂಟುಗಳು. ಅದಕ್ಕೇ ಪ್ರತಿಯೊಂದನ್ನೂ ಅಳೆಯುವುದು. ಎರಡು ತಾಲೂಕಿನ ಅಂಗಡಿಗಳು ಪದ್ಧತಿಯೆಂದು ನಂಬಿ ಮಾಡುತ್ತಿರುವುದು ಒಬ್ಬ ಮನುಷ್ಯ ತನ್ನ ಕೊರತೆಯನ್ನು ದಾಟಲು ತನ್ನಷ್ಟಕ್ಕೆ ಮಾಡಿಕೊಂಡ ಉಪಾಯ.

ಅದನ್ನು ಕೇಳಿದ ಬೆನ್ನಿಗೇ ನನಗೆ ಇನ್ನೊಂದು ನೆನಪಾಯಿತು. ಕೆಲವು ವರ್ಷದ ಹಿಂದೆ ಹತ್ತನೇ ತರಗತಿಯಲ್ಲಿ, ಹೊನ್ನಾವರದ ಹೊಳೆಯಾಚೆಗಿನ ಕಾಸರಕೋಡದ ಒಬ್ಬ ವಿದ್ಯಾರ್ಥಿಯಿದ್ದ. ಹಸಿರು ಹರಳುಗಳನ್ನು ಕಾಯಿಸಿದರೆ ಕೆಂಪು ಮಿಶ್ರಿತ ಕಂದು ಪುಡಿಯಾಗುವ ಪ್ರಯೋಗ. ಎಲ್ಲರೂ ಹಾಗೇ ಬರೆದರು. ಅವನೊಬ್ಬ 'ಬಣ್ಣ ಬದಲಾಗಲಿಲ್ಲ' ಎಂದು ಬರೆದ. ಮತ್ತೆ ಮಾಡಿಸಿದೆ, ಮತ್ತೂ ಅದನ್ನೇ ಬರೆದ. ನನ್ನನ್ನು ಗೇಲಿ ಮಾಡುತ್ತಿದ್ದಾನೆಂದುಕೊಂಡು, "ಕಣ್ಣು ಬಿಟ್ಟು ನೋಡು" ಎಂದು ಎಲ್ಲರೆದುರು ಬೈದು, ಉಳಿದ ಪ್ರಯೋಗಗಳಿಗೆಲ್ಲ ಹೊರಗೆ ನಿಲ್ಲಿಸಿದೆ. ಹತ್ತು ಮುಗಿದ ಮೇಲೆ ಅವನು ಮುಂದೆ ಓದಲಿಲ್ಲ.

ಮಾಮನಿಗೆ ಹೇಳಿಬಿಟ್ಟೆ. ಅವರು ಕೇಳಿದ್ದು ಇಷ್ಟೇ.

"ಅವ ಈಗೆಲ್ಲಿದ್ದ?"

"ಕಾಸರಕೋಡದಲ್ಲೇ ಇದ್ದಾನಂತೆ. ಮೀನಿನ ಬೋಟಿಗೆ ಹೋಗ್ತ."

"ನಿಮ್ಮ ಶಾಲೆಯಿಂದ ದೂರ ಇಲ್ಲ" ಎಂದು ಮತ್ತೆ ಮೀಟರು ಹಿಡಿದರು.

ಏಳು ಭಾನುವಾರ ಕೆಲಸ ನಡೆಯಿತು. ಎಡ ಬಲ ಎರಡೂ ಕಡೆಗೆ ಸರಿಸಮ ಇರಬೇಕೆಂದು ಅವರು ರೆಸಿಸ್ಟರುಗಳನ್ನು ಎರಡೆರಡಾಗಿ ಅಳೆದು ಜೋಡಿ ಮಾಡಿದರು. ಜೋಡಿ ಸಿಗದವಕ್ಕೂ ಒಣಗಿಹೋದ ಕೆಪ್ಯಾಸಿಟರುಗಳಿಗೂ ಹೊಸವನ್ನು ತರಿಸಿದರು. ಒಂದೇ ಒಂದು ಬೆಸುಗೆಯನ್ನು ನನ್ನ ಕೈಯಿಂದ ಹಾಕಿಸಿದರು. ಎಲ್ಲ ಮುಗಿದು ಮೊದಲ ಸಲ ಕರೆಂಟು ಕೊಡುವಾಗ ನಡುವೆ ಒಂದು ಹಳೆಯ ಬಲ್ಬು ಸೇರಿಸಿದರು. ಒಳಗೆ ತಪ್ಪಿದ್ದರೆ ಬಲ್ಬು ಜೋರಾಗಿ ಉರಿದು ಪೆಟ್ಟಿಗೆಯನ್ನು ಕಾಯುತ್ತದೆ. ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. ಅಂಗಡಿಯ ಕಾಲದ ಹಳೆಯ ಪ್ಲೇಯರು, ಸ್ಪೀಕರುಗಳಿಗೆ ಸೇರಿಸಿದಾಗ ಬಲಗಡೆ ದನಿ ಬಂತು. ಎಡಗಡೆ ಇಲ್ಲ. ಅವರು ಪೆನ್ಸಿಲಿನ ಹಿಂಬದಿಯಿಂದ ಬೋರ್ಡಿನ ಮೇಲೆ ಅಲ್ಲಲ್ಲಿ ಮೆಲ್ಲಗೆ ತಟ್ಟುತ್ತ ಹೋದರು. ನನ್ನ ಬೆಸುಗೆಯ ಮೇಲೆ ತಟ್ಟಿದಾಗ ಎಡಗಡೆ ಚರಚರ ಎಂದಿತು.

"ನೀವೇ ಸರಿ ಮಾಡಿ ಮಾಮ" ಎಂದೆ.

"ಅಲ್ಲ. ನಿಮ್ಮ ತಪ್ಪು ನೀವೇ ತಿದ್ದಿ. ನಾ ತಿದ್ದಿದ್ರೆ ಮುಂದಿನ ಸಲಕ್ಕೆ ನಿಮ್ಗೆ ಬರೂದಿಲ್ಲ."

ಮೂರನೆಯ ಸಲ ಬೆಸುಗೆ ನೀರಿನ ಹನಿಯಂತೆ ಹರಡಿ ಕೂತಿತು. ಎಡಗಡೆಯೂ ಮಾತಾಡಿತು.

ಭಟ್ಕಳಕ್ಕೆ ಅವರೂ ಬಂದರು. ಮಧ್ಯಾಹ್ನದ ಊಟ ಮುಗಿದಿತ್ತು. ನಾವು ಕಟ್ಟಿದ ಪೆಟ್ಟಿಗೆಯನ್ನು ಸ್ಟೀರಿಯೋಗೆ ಸೇರಿಸಿ ಏಳುವಾಗ ಗೋಡೆಯ ಮೇಲಿದ್ದ ಒಂದು ಫೋಟೋ ಅವರ ಕಣ್ಣಿಗೆ ಬಿತ್ತು. ಹಡಗಿನ ಕಟಕಟೆಗೆ ಒರಗಿ ನಿಂತ ಒಬ್ಬ ತರುಣ. ಅದರ ಮುಂದೆ ಅವರು ಬಹಳ ಹೊತ್ತು ನಿಂತದ್ದನ್ನು ನೋಡಿ ಗಣಿತದ ಅಕ್ಕೋರ ಅಮ್ಮ ಕೇಳಿದರು. "ನೀವೂ ಹಡಗಿನಲ್ಲಿ ಇದ್ದಿರಾ ಭಾಯಿ?"

ನಾನು ನೆಲ ನೋಡಿದೆ. ತಲೆ ತಿರುಗುವ ಹಳೆಯ ಮಾತು ಬರುತ್ತದೆಂದು ಕಾದೆ.

"ಇಲ್ಲ ಅಮ್ಮ. ಹತ್ತೂಕೆ ಬಿಡ್ಲಿಲ್ಲ. ನಂಗೆ ಕೆಂಪು ಹಸಿರು ಬಣ್ಣ ಕಾಣೂದಿಲ್ಲ."

ಅಮ್ಮ ಅವರ ಮುಖ ನೋಡಿದರು, ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ನೋಡಿದರು. "ಆದರೂ ಕಟ್ಟಿದಿರಿ" ಎಂದರು. ಅಷ್ಟೇ.

ಮುಳ್ಳು ರೆಕಾರ್ಡಿನ ಮೇಲೆ ಇಳಿಯಿತು. ಸಾರಂಗಿ, ಅದರ ಹಿಂದೆ ಒಬ್ಬ ಗಂಡಸಿನ ದನಿ. ಆ ದನಿ ಎಡದ ಸ್ಪೀಕರಿನಿಂದಲೂ ಬರುತ್ತಿರಲಿಲ್ಲ, ಬಲದಿಂದಲೂ ಅಲ್ಲ. ಎರಡರ ನಡುವಿನ ಖಾಲಿ ಜಾಗದಲ್ಲಿ, ನಮ್ಮೆದುರೇ, ಒಬ್ಬ ಮನುಷ್ಯ ಬಂದು ನಿಂತು ಹಾಡಿದ ಹಾಗಿತ್ತು. ಉಸಿರೆಳೆದುಕೊಂಡದ್ದೂ ಕೇಳುತ್ತಿತ್ತು. ಅಮ್ಮ ಪರಪುರುಷ ಕೋಣೆಗೆ ಬಂದನೆಂಬಂತೆ ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡರು. ಆಮೇಲೆ ತಾನು ಮಾಡಿದ್ದು ತಿಳಿದು ನಕ್ಕರು, ನಗುತ್ತಲೇ ಅತ್ತರು. ರೇಡಿಯೋ ಮಾಮ ಬಾಗಿಲ ಬಳಿ ನಿಂತೇ ಕೇಳಿದರು. ರೆಕಾರ್ಡು ಮುಗಿಯುವವರೆಗೂ ಕೂರಲಿಲ್ಲ.

ಬಸ್ಸಿನಲ್ಲಿ ಹಿಂದೆ ಬರುವಾಗ ಹೊನ್ನಾವರದ ಸೇತುವೆ ಸಮೀಪಿಸಿತು. "ಕಾಸರಕೋಡ ಇದೇ ಅಲ್ವನ್ರಾ" ಎಂದರು. "ಹೌದು ಮಾಮ, ಬರುವ ವಾರ ಹೋಗ್ತೆ" ಎಂದೆ. ಬರುವ ವಾರ ಪರೀಕ್ಷೆಯ ಕೆಲಸ ಬಂತು. ಆಮೇಲೆ ರಜೆ. ಆಮೇಲೆ ಮಳೆ. ಕಾರಣಗಳು ನನ್ನಲ್ಲಿ ಧಾರಾಳವಾಗಿದ್ದವು. ಹಳೆಯ ವಿದ್ಯಾರ್ಥಿಯ ಮುಂದೆ ನಿಲ್ಲುವ ಧೈರ್ಯ ಇರಲಿಲ್ಲ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ರೇಡಿಯೋ ಮಾಮ ಚಾ ಕುಡಿದು ಜಗಲಿಯ ಮೇಜಿನ ಮುಂದೆ ಕೂತವರು ಕೂತಲ್ಲೇ ಹೋಗಿಬಿಟ್ಟರು. ಅವರಲ್ಲಿ ಕಲಿತವರು ಹೊನ್ನಾವರ, ಭಟ್ಕಳದಿಂದೆಲ್ಲ ಬಂದಿದ್ದರು. ಗಣಿತದ ಅಕ್ಕೋರ ತಾಯಿ ಮಗಳನ್ನು ಕರೆದುಕೊಂಡು ಭಟ್ಕಳದಿಂದ ಬಂದು, ಜಗಲಿಯ ಮೆಟ್ಟಿಲ ಮೇಲೆ ಒಂದು ಗಳಿಗೆ ಕೂತು ಹೋದರು.

ಹದಿಮೂರನೆಯ ದಿನ ಕಳೆದ ಮೇಲೆ ನಾನು ಕಾಸರಕೋಡಕ್ಕೆ ಹೋದೆ. ಅವನು ದಂಡೆಯಲ್ಲಿ ಕೂತು ಬಲೆ ಹೆಣೆಯುತ್ತಿದ್ದ. ಮದುವೆಯಾಗಿತ್ತು, ಗಡ್ಡ ಬಂದಿತ್ತು. ನನ್ನನ್ನು ಕಂಡು ಎದ್ದು ನಿಂತ. ನಾನು ಬಂದ ಕಾರಣ ಹೇಳಿದೆ. ತಪ್ಪು ನನ್ನದೆಂದು ಹೇಳಿದೆ.

"ನಂಗೂ ಗೊತ್ತಿರ್ಲಿಲ್ಲ ಅಕ್ಕೋರೆ" ಎಂದ. "ಎಲ್ಲರಿಗೂ ಕಾಣ್ತದೆ, ನಂಗೇ ತಲೆ ಇಲ್ಲ ಅಂದ್ಕಂಡಿದ್ದೆ. ಬೋಟಿಗೆ ಬಂದ್ಮೇಲೆ ಕೆಂಪು ದೀಪ ಯಾವ್ದು, ಹಸಿರು ಯಾವ್ದು ಅಂತ ತಪ್ಪಿ ಗೊತ್ತಾತು. ನಿಮ್ಗೆ ಯಾರು ಹೇಳ್ದ್ರು?"

ರೇಡಿಯೋ ಮಾಮನ ಸಂಗತಿ ಹೇಳಿದೆ. ಹಡಗಿನ ಪರೀಕ್ಷೆ, ಗಂಟುಗಳು, ಮೀಟರು, ಭಟ್ಕಳದ ಮನೆಯಲ್ಲಿ ನಿಂತು ಕೇಳಿದ ಹಾಡು. ಅವನು ಬಲೆಯನ್ನು ಕೆಳಗಿಟ್ಟು ಪೂರ್ತಿ ಕೇಳಿದ. ಎಲ್ಲ ಮುಗಿದ ಮೇಲೆ, "ಕುಮಟೆ ಎಷ್ಟೊತ್ತಿನ ದಾರಿ, ನಾಳೆನೇ ಹೋಗಿ ಅವ್ರನ್ನ ಕಾಣ್ತೆ. ಮನೆ ಎಲ್ಲಿ?" ಎಂದು ಕೇಳಿದ.

ನಾನು ಉತ್ತರ ಕೊಡಬೇಕಾಯಿತು.