ಹೊಗಳಿದರೆ ಓಡುವ ಹಸಿರು ಕಾರು

ನಮ್ಮ ಬೀದಿಯ ಇಸ್ತ್ರಿಯವನು ಇನ್ನೂ ಕರೆಂಟಿನ ಪೆಟ್ಟಿಗೆಗೆ ಬಂದಿಲ್ಲ. ಬೆಳಗ್ಗೆ ಒಂಬತ್ತರ ಸುಮಾರಿಗೆ ಮರದ ಕೆಳಗೆ ಗಾಡಿ ನಿಲ್ಲಿಸಿ, ತೆಂಗಿನ ಚಿಪ್ಪು ಸುಟ್ಟು ಕೆಂಡ ಮಾಡಿ, ಹಿತ್ತಾಳೆಯ ಪೆಟ್ಟಿಗೆಗೆ ತುಂಬಿಕೊಳ್ಳುತ್ತಾನೆ. ಸೌದೆಯ ಹೊಗೆಗೂ ಚಿಪ್ಪಿನ ಹೊಗೆಗೂ ಬಹಳ ವ್ಯತ್ಯಾಸವಿದೆ. ಚಿಪ್ಪಿನದು ಸ್ವಲ್ಪ ಸಿಹಿ, ಸ್ವಲ್ಪ ಎಣ್ಣೆ, ಮೂಗಿನ ತುದಿಯಲ್ಲಿ ಕೂತರೆ ಮಧ್ಯಾಹ್ನದವರೆಗೂ ಏಳುವುದಿಲ್ಲ. "ಕಿಟಕಿ ಹಾಕ್ಲಾ ಅತ್ತೆ?" ಎಂದು ಸೊಸೆ ಕೇಳುತ್ತಾಳೆ. ಬೇಡ ಎನ್ನುತ್ತೇನೆ. ಆ ಹೊಗೆಯಲ್ಲಿ ನನಗೆ ಕಾಣುವುದು ಇಸ್ತ್ರಿ ಪೆಟ್ಟಿಗೆಯಲ್ಲ. ಕಿಬ್ಬನಹಳ್ಳಿ ರಸ್ತೆಯ ಬದಿಯಲ್ಲಿದ್ದ ಬಾಷಾ ಸಾಬರ ತಗಡಿನ ಶೆಡ್ಡು, ಅಲ್ಲಿ ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತ ನಾನು ಮತ್ತು ನನ್ನ ತಮ್ಮ ಶಿವು. ನನಗೆ ಆಗ ಹನ್ನೊಂದು, ಅವನಿಗೆ ಒಂಬತ್ತು. ಪ್ರಪಂಚದಲ್ಲಿ ಯಾರೂ ಮಾಡದ ಒಂದು ಆಟದ ಕಾರನ್ನು ನಾವು ಮಾಡಿಸಿಕೊಳ್ಳುತ್ತಿದ್ದೆವು.

ಕಿಬ್ಬನಹಳ್ಳಿಯಿಂದ ಒಂದು ಮೈಲಿ ಒಳಗಿತ್ತು ನಮ್ಮ ಹಳ್ಳಿ. ಮನೆಯ ಅರ್ಧ ನಮ್ಮದು, ಇನ್ನರ್ಧ ತೆಂಗಿನಕಾಯಿಗಳದು ಎಂದು ಅಜ್ಜಿ ರೇಗುತ್ತಿದ್ದಳು. ಅದರಲ್ಲಿ ಸುಳ್ಳೇನಿರಲಿಲ್ಲ. ನಮ್ಮ ತಲೆಯ ಮೇಲೆ ಉದ್ದಕ್ಕೂ ಅಟ್ಟ, ಅಟ್ಟದ ತುಂಬ ಸಿಪ್ಪೆ ಸಮೇತ ಕಾಯಿ. ಏರಿಸಿದ ಮೇಲೆ ಹತ್ತು ಹನ್ನೊಂದು ತಿಂಗಳು ಅದರ ಗೊಡವೆಗೆ ಹೋಗಬಾರದು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಬೇಕು. ಆದದ್ದು ಗೊತ್ತಾಗುವುದು ಅಲ್ಲಾಡಿಸಿದಾಗ. ಹದವಾದ ಕೊಬ್ಬರಿ ಒಳಗೆ ಗುಡುಕ್ ಗುಡುಕ್ ಎಂದು ಉರುಳುತ್ತದೆ, ಆಗದ್ದು ಬಾಯಿ ಬಿಡುವುದಿಲ್ಲ. ಈ ಸದ್ದು ಕೇಳುವುದರಲ್ಲಿ ನಮ್ಮ ತಾತನಿಗೆ ಸುತ್ತಮುತ್ತ ಹೆಸರಿತ್ತು. ಬೇರೆ ಊರಿನವರು ಕೂಡ ಕರೆದುಕೊಂಡು ಹೋಗಿ ತಮ್ಮ ಅಟ್ಟದ ಕೆಳಗೆ ಕೂರಿಸುತ್ತಿದ್ದರು. "ಕಾಯಿ ಸುಳ್ಳು ಹೇಳಕಿಲ್ಲ ಕಣ್ಲಾ, ಕೇಳೋನ್ ಕಿವಿ ನೆಟ್ಟಗಿರ್ಬೇಕು" ಎನ್ನುತ್ತಿದ್ದ ತಾತ. ಅಟ್ಟಕ್ಕೆ ಹತ್ತುವ ಏಣಿ ಅವನ ಮಂಚದ ಕೆಳಗೆ ಇರುತ್ತಿತ್ತು. ಅವನನ್ನು ಕೇಳದೆ ಅದನ್ನು ಎಳೆಯುವ ಧೈರ್ಯ ಮನೆಯಲ್ಲಿ ಅಜ್ಜಿಯನ್ನು ಬಿಟ್ಟರೆ ಇನ್ಯಾರಿಗೂ ಇರಲಿಲ್ಲ.

ಕಾರಿನ ಹುಚ್ಚು ಹತ್ತಿದ್ದು ಟೆಂಟ್ ಸಿನಿಮಾದಿಂದ. ಎಂಬತ್ತರ ದಶಕದ ಮೊದಲ ವರ್ಷಗಳು. ಬೇಸಿಗೆಯಲ್ಲಿ ಕಿಬ್ಬನಹಳ್ಳಿ ಹತ್ತಿರ ಟೆಂಟ್ ಎದ್ದರೆ ನಾವು ಮರಳ ಮೇಲೆ ಟವೆಲು ಹಾಸಿಕೊಂಡು ಸಂಜೆಯ ಮೊದಲ ಆಟ ನೋಡುತ್ತಿದ್ದೆವು. ಆ ವರ್ಷ ಬಂದ ಒಂದು ಹಾಸ್ಯದ ಸಿನಿಮಾದ ಹೆಸರು ಈಗ ಮರೆತಿದೆ. ಕಥೆಯೂ ಮರೆತಿದೆ. ಅದರಲ್ಲಿದ್ದ ಹಸಿರು ಟ್ಯಾಕ್ಸಿ ಮಾತ್ರ ಮರೆತಿಲ್ಲ. ಗೂನು ಬೆನ್ನಿನ ಟಾಪು, ಮುಂದೆ ಒಂದೇ ದೀಪ. ಬೈದರೆ ನಿಂತುಬಿಡುತ್ತಿತ್ತು, ಹೊಗಳಿದರೆ ಓಡುತ್ತಿತ್ತು. ಡ್ರೈವರು "ನನ್ ಬಂಗಾರ, ನನ್ ರಾಜ" ಎಂದು ಬಾನೆಟ್ ಸವರಿದ ಕೂಡಲೆ ಬುಸ್ಸೆಂದು ಹೊಗೆ ಬಿಟ್ಟು ಹೊರಡುತ್ತಿತ್ತು. ಟೆಂಟಿನಲ್ಲಿ ಜನ ಬಿದ್ದು ಬಿದ್ದು ನಗುತ್ತಿದ್ದರೆ ಶಿವು ನಗದೆ ಬಾಯಿ ತೆರೆದು ನೋಡುತ್ತಿದ್ದ. ಮಾರನೆ ದಿನದಿಂದ ಅವನಿಗೆ ಅದೇ ಧ್ಯಾನ. ಶಾಲೆಗೆ ಹೊರಡಲು ಹಟ ಮಾಡಿ, "ಹೊಗಳಿದ್ರೆ ಹೋಯ್ತೀನಿ" ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಅವ್ವ ಹೊಗಳುವುದಕ್ಕೆ ಬದಲು ಪೊರಕೆ ತೆಗೆದುಕೊಳ್ಳುತ್ತಿದ್ದಳು. ಶಿವು ಸಿನಿಮಾದ ಕಾರಿಗಿಂತ ವೇಗವಾಗಿ ಓಡುತ್ತಿದ್ದ.

ಅದೇ ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದ ನಮ್ಮ ಮಾವ ಒಂದು ಸಣ್ಣ ಲೋಹದ ಕಾರು ತಂದುಕೊಟ್ಟ. ಅಂಗೈಯಲ್ಲಿ ಇಟ್ಟರೆ ಭಾರ ಗೊತ್ತಾಗುವ ನಿಜವಾದ ಎರಕದ ಕಾರು. ಅದರ ಡಬ್ಬಿಯಲ್ಲಿ ಮಡಚಿಟ್ಟ ಒಂದು ಹಾಳೆ, ಹಾಳೆಯ ತುಂಬ ಆ ಕಂಪನಿ ಮಾಡುವ ಬೇರೆ ಕಾರುಗಳ ಚಿತ್ರ. ಶಿವು ಕಾರನ್ನು ಪಕ್ಕಕ್ಕೆ ಎಸೆದು ಹಾಳೆಯಲ್ಲಿ ತನ್ನ ಹಸಿರು ಟ್ಯಾಕ್ಸಿ ಹುಡುಕಿದ. ಇರಲಿಲ್ಲ. "ನಮ್ ಸಿನಿಮಾ ಕಾರ್ನ ಯಾರ್ ಮಾಡ್ತಾರಪ್ಪ, ಬುಡು" ಎಂದ ಮಾವ. ಶಿವುವಿಗೆ ಅದು ಘೋರ ಅನ್ಯಾಯವಾಗಿ ಕಂಡಿತು. ನನಗೂ. ಗಣಿತದ ನೋಟ್‌ಬುಕ್ಕಿನ ಹಿಂಭಾಗದಲ್ಲಿ ನಾವೇ ಒಂದು ಕಂಪನಿ ತೆಗೆದು, ಯಾರೂ ಮಾಡದ ಕಾರುಗಳ ಚಿತ್ರ ಬರೆಯತೊಡಗಿದೆವು. ಕಳ್ಳಸಾಗಣೆಯವನ ಉದ್ದ ಮೂತಿಯ ಕಪ್ಪು ಕಾರು. ಮದುವೆಯ ದಿನ ವರನನ್ನು ಬಿಟ್ಟು ಹೊರಟುಹೋಗುವ ಬಿಳಿ ಕಾರು. ಡಾಕ್ಟರ ಮನೆಯ ಟೀವಿಯಲ್ಲಿ ಜನರ ತಲೆಗಳ ಸಂದಿಯಿಂದ ನೋಡಿದ ಪತ್ತೇದಾರನ ಕಾರು. ಅದರ ಹಿಂಭಾಗವನ್ನು ಮಾತ್ರ ನೋಡಿದ್ದರಿಂದ ಹಿಂಭಾಗವನ್ನು ಮಾತ್ರ ಬರೆದೆವು. ಎಲ್ಲಕ್ಕಿಂತ ಮೇಲೆ, ದೊಡ್ಡದಾಗಿ, ಹಸಿರು ಟ್ಯಾಕ್ಸಿ.

ಬಾಷಾ ಸಾಬರು ತಾತನ ಸ್ನೇಹಿತರು, ಲಾರಿ ರಿಪೇರಿ ಮಾಡುವವರು. ತಾತನ ಜೊತೆ ಹೋದಾಗ ಶಿವು ಆ ನೋಟ್‌ಬುಕ್ಕು ಬಿಚ್ಚಿ ಅವರ ಮುಂದೆ ಹಿಡಿದ. ಅವರು ಎಣ್ಣೆ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಲಾರಿ ಮಾಲೀಕರ ಮಾತು ಕೇಳುವಷ್ಟೇ ಗಂಭೀರವಾಗಿ ಪುಟ ತಿರುವಿದರು. "ಹೊಗಳಿದ್ರೆ ಓಡೋ ಗಾಡೀನಾ? ಅರೆ, ನನ್ ಹತ್ರ ಬರೋವೆಲ್ಲಾ ಅಂಥವೇ ಕಣಪ್ಪ" ಎಂದರು. ಆಮೇಲೆ ಹೇಳಿದರು: "ಮಾದರಿ ಕೆತ್ತಿ ತನ್ನಿ, ಎರಕ ಹುಯ್ತೀನಿ." ಮರ ಕೆತ್ತಲು ನಮಗೆ ಬರದು. ಅಜ್ಜಿಯ ಡಬ್ಬಿಯಿಂದ ಎರಡು ಉಂಡೆ ಕೊಬ್ಬರಿ ಹಾರಿಸಿ, ಈಳಿಗೆಮಣೆಯಲ್ಲಿ ಎರಡೆರಡು ಹೋಳು ಮಾಡಿ, ಬ್ಲೇಡಿನಿಂದ ಕೆತ್ತಿದೆವು. ಕೆತ್ತಿದ ಚೂರನ್ನು ಚೆಲ್ಲಲಾದೀತೇ, ತಿಂದೆವು. ಮೊದಲ ಕಾರು ಕೆತ್ತುತ್ತಾ ಕೆತ್ತುತ್ತಾ ಹೊಟ್ಟೆ ಸೇರಿತು. ಎರಡನೆಯದಕ್ಕೆ ಟಾಪು ಬರುವಷ್ಟರಲ್ಲಿ ಶಿವು ಮುಂದಿನ ಭಾಗ ಕಚ್ಚಿದ್ದ. ಮೂರನೆಯದನ್ನು ಕೆತ್ತುವಾಗ ಇಬ್ಬರೂ ಬಾಯಲ್ಲಿ ಹುಣಸೆ ಬೀಜ ಇಟ್ಟುಕೊಂಡಿದ್ದೆವು. ಹಾಗೆ ಉಳಿದ ಕೊಬ್ಬರಿ ಕಾರನ್ನು ಸಾಬರು ಬೆಲ್ಲದ ನೀರು ಬೆರೆಸಿದ ಕೆರೆಯ ಸಣ್ಣ ಮರಳಿಗೆ ಒತ್ತಿ ತೆಗೆದು, ಅಚ್ಚನ್ನು ಎರಡು ದಿನ ಬಿಸಿಲಿಗಿಟ್ಟರು. ಮೂರನೆ ದಿನ ಚಿಪ್ಪಿನ ರಾಶಿಗೆ ಬೆಂಕಿ ಹಾಕಿ ತಿದಿ ಒತ್ತಿದಾಗ ಲಾರಿಯ ಹಳೆಯ ಅಲ್ಯೂಮಿನಿಯಂ ಪಿಸ್ಟನ್ನು ಮಜ್ಜಿಗೆಯ ಹಾಗೆ ನೀರಾಯಿತು. ಅದನ್ನು ಅಚ್ಚಿಗೆ ಹುಯ್ದು, ಗಟ್ಟಿಯಾದ ಮೇಲೆ ಮರಳು ಒಡೆದು ಈಚೆಗೆ ತೆಗೆದರೆ ಗೂನು ಬೆನ್ನಿನ, ಬೂದು ಬಣ್ಣದ, ಬಿಸಿಬಿಸಿ ಕಾರು! ಸೈಕಲ್ ಕಡ್ಡಿಯ ಇರುಸಿಗೆ ವಾಷರುಗಳ ಚಕ್ರ, ಲಾರಿಗೆ ಬಳಿದು ಉಳಿದ ಹಸಿರು ಬಣ್ಣ. ಆ ದಿನ ನಾವು ಮನೆಗೆ ಹೇಗೆ ಬಂದೆವೋ ಕಾಣೆ, ಕಾಲು ನೆಲದ ಮೇಲಿರಲಿಲ್ಲ.

ಕಾರು ಒಂದು, ಮಕ್ಕಳಿಬ್ಬರು. ಒಂದು ದಿನ ನನ್ನದು, ಒಂದು ದಿನ ಅವನದು ಎಂದು ಸರದಿಯಾಯಿತು. ಜಗಲಿಯ ಮೇಲೆ "ನನ್ ಬಂಗಾರ, ಹೋಗಪ್ಪ" ಎಂದು ಹೊಗಳದೆ ತಳ್ಳುವಂತಿಲ್ಲ, ಅದು ಕಾನೂನು. ಆದರೆ ಶಿವು ಭಾರಿ ಆಸಾಮಿ. ನನ್ನ ಸರದಿಯ ದಿನವೇ ಅವನಿಗೆ ಹೊಟ್ಟೆನೋವು ಬರುತ್ತಿತ್ತು. "ಕೊಡೇ ಗಿರಿಜಿ, ಮಗ ನರಳ್ತೈತೆ" ಎಂದು ಅಜ್ಜಿ ಕಾರು ಅವನ ಪಕ್ಕದಲ್ಲಿಡುತ್ತಿದ್ದಳು. ಮೂರು ಸಲ ಹಾಗಾಯಿತು. ನಾಲ್ಕನೆಯ ಸಲ ನನ್ನ ಪಿತ್ತ ನೆತ್ತಿಗೇರಿತು. ಅಡುಗೆಮನೆಯಲ್ಲಿ ಕಾಯಿ ತುರಿದು ಬಿಸಾಕಿದ ಒಂದೇ ಕಾಯಿಯ ಎರಡು ಹೋಳು ಚಿಪ್ಪು ಹೆಕ್ಕಿದೆ. ಕಾರನ್ನು ಅಜ್ಜಿಯ ಹರಕು ಸೀರೆಯ ತುಂಡಿನಲ್ಲಿ ಸುತ್ತಿ ಒಳಗಿಟ್ಟೆ. ಹೋಳು ಕೂಡಿಸಿ ರಸ್ತೆ ಬದಿಯ ಟಾರು ಮೆತ್ತಿ, ಮೇಲೆ ನಾರು ಅಂಟಿಸಿದೆ. ಅಟ್ಟದ ಮೂಲೆಯಲ್ಲಿ ಮನೆ ಬಳಕೆಗೆಂದು ಸುಲಿದ ಕಾಯಿಗಳ ಒಂದು ಗುಡ್ಡೆಯಿತ್ತು. ಅಜ್ಜಿ ಕಾಯಿ ತರಲು ಹತ್ತಿದಾಗ ಜೊತೆಗೆ ಹತ್ತಿ, ನನ್ನ ಕಾಯಿಯನ್ನು ಅದರ ನಡುವೆ ಇಟ್ಟು ಬಂದೆ. ಒಂದೇ ಒಂದು ದಿನ ಅವನು ಹುಡುಕಲಿ ಎಂದಷ್ಟೇ ನನ್ನ ಲೆಕ್ಕ.

ಆದರೆ ಆ ಸಂಜೆಯೇ ಏಣಿ ತಾತನ ಮಂಚದ ಕೆಳಗೆ ಸೇರಿತು. ಅಡುಗೆಗೆ ಒಂದು ಬುಟ್ಟಿ ಕಾಯಿ ಇಳಿಸಿಟ್ಟಿದ್ದರಿಂದ ಅಜ್ಜಿಗೂ ಮತ್ತೆ ಹತ್ತುವ ಕೆಲಸ ಬರಲಿಲ್ಲ. ಶಿವು ಎರಡು ದಿನ ಅತ್ತ. ಮೂರನೆ ದಿನದಿಂದ ಅಳಲಿಲ್ಲ, ಹುಡುಕಿದ. ಹಿತ್ತಲು, ಹುಲ್ಲಿನ ಬಣವೆ, ಕೊಟ್ಟಿಗೆ, ಶೆಡ್ಡಿಗೆ ಹೋಗುವ ದಾರಿಯ ಪ್ರತಿಯೊಂದು ಪೊದೆ. ಅವನ ಜೊತೆ ನಾನೂ ಹುಡುಕಿದೆ, ಇನ್ನೇನು ಮಾಡಲಿ. ಬೆಂಗಳೂರಿನ ಕಾರು ಕಳೆದಿದ್ದರೆ ಮಾವ ಇನ್ನೊಂದು ತರುತ್ತಿದ್ದ. ಇದನ್ನು ಯಾವ ಅಂಗಡಿಯಿಂದ ತರುವುದು? ಹೇಳಿಬಿಡೋಣ ಎಂದು ದಿನಾ ಬಾಯಿ ತೆರೆಯುತ್ತಿದ್ದೆ. ಅವನ ಮುಖ ನೋಡಿ ಮುಚ್ಚುತ್ತಿದ್ದೆ. ಹಗಲು ಕಳೆದ ಹಾಗೆ ಸುಳ್ಳಿನ ವಯಸ್ಸೂ ಬೆಳೆಯುತ್ತದೆ. ವಾರ ಮೂರಾದ ಮೇಲೆ ಅದನ್ನು ಎತ್ತುವ ಶಕ್ತಿ ನನ್ನಲ್ಲಿರಲಿಲ್ಲ.

ಅಷ್ಟರಲ್ಲಿ ಕೊಬ್ಬರಿ ಒಡೆಯುವ ದಿನ ಬಂತು. ಮಧ್ಯಾಹ್ನ ಶಾಲೆಯಿಂದ ಬಂದು ನೋಡುತ್ತೇನೆ, ಅಟ್ಟ ಖಾಲಿ! ಆಳುಗಳು ಬೆಳಗ್ಗೆಯಿಂದ ಇಳಿಸಿ ಸುಲಿದ ಕಾಯಿಗಳೆಲ್ಲ ಒಂದಾಗಿ ಅಂಗಳದ ನಡುವೆ ಆಳುದ್ದದ ರಾಶಿ. ಮೂಲೆಯ ಗುಡ್ಡೆಯೂ ಅದರಲ್ಲೇ ಸೇರಿಹೋಗಿತ್ತು. ಸುತ್ತ ಒಡೆಯಲು ಬಂದ ಏಳೆಂಟು ಹೆಂಗಸರು ಮಚ್ಚು ಹಿಡಿದು ಕೂತಿದ್ದರು. ಒಡೆಯುವವರ ಕೈಗೆ ಸಿಕ್ಕರೆ ಕಾರಿನ ಮೇಲೆ ಮಚ್ಚಿನ ಏಟು, ಸಿಗದಿದ್ದರೆ ಚಿಪ್ಪಿನ ಮೂಟೆಯಲ್ಲಿ ಯಾವುದೋ ಊರಿಗೆ. ನನ್ನ ಕಾಯಿ ಯಾವುದು ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಸಾವಿರಾರು ಕಾಯಿ, ಎಲ್ಲವೂ ಅದೇ.

ನಮ್ಮಲ್ಲಿ ಒಂದು ಪದ್ಧತಿ. ರಾಶಿಯ ಮೊದಲ ಕಾಯಿಯನ್ನು ಮನೆಯ ಹಿರಿಯನೇ ಸದ್ದು ನೋಡಿ ಆರಿಸಿ, ಎಲ್ಲರೆದುರು ಒಡೆದು, ಬಂದ ಕೊಬ್ಬರಿಯನ್ನು ದೇವರ ಮುಂದೆ ಇಡಬೇಕು. ಎಲ್ಲಕ್ಕಿಂತ ಹದವಾದದ್ದೇ ದೇವರಿಗೆ. ತಾತ ಹಣೆಗೆ ವಿಭೂತಿ ಇಟ್ಟುಕೊಂಡು ರಾಶಿಯ ಮುಂದೆ ಕೂತ. ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ತುಟಿ ಉಬ್ಬಿಸಿ, ಪಕ್ಕಕ್ಕಿಟ್ಟ. ಹತ್ತು ನೋಡಿದ, ಇಪ್ಪತ್ತು ನೋಡಿದ. ಆಮೇಲೆ ಒಂದನ್ನು ಎತ್ತಿದವನು ಹಾಗೆಯೇ ಕಣ್ಣು ಮುಚ್ಚಿದ. ಇನ್ನೊಮ್ಮೆ ಅಲ್ಲಾಡಿಸಿದ. ಗುಡುಕ್, ಮೆತ್ತಗೆ. "ಆಹಾ! ಸದ್ದು ಅಂದ್ರೆ ಇದು ಕಣ್ರವ್ವಾ. ಇಂಥದ್ದು ಕೇಳಿ ಎಷ್ಟ್ ವರ್ಷ ಆಗಿತ್ತು!" ಎಂದ. ಹೆಂಗಸರು ಕೈ ಮುಗಿದರು. ತಾತ ಮಚ್ಚಿನ ಬೆನ್ನಿನಿಂದ ಒಂದೇ ಏಟು ಹಾಕಿದ. ಕಾಯಿ ಸಲೀಸಾಗಿ ಎರಡು ಹೋಳಾಗಿ, ಒಳಗಿಂದ ಒಂದು ಬಟ್ಟೆಯ ಗಂಟು ಅವನ ಮಡಿಲಿಗೆ ಬಿತ್ತು.

"ಅಯ್ಯೋ, ಅದು ನನ್ ಸೀರೆ ಸೆರಗು!" ಎಂದು ಕೂಗಿದವಳು ಅಜ್ಜಿ. ತಾತ ಗಂಟು ಬಿಚ್ಚಿದ. ಹಸಿರು ಕಾರು, ಒಂದು ಗೀರೂ ಇಲ್ಲದೆ, ಅವನ ಅಂಗೈಯಲ್ಲಿ ಕೂತಿತ್ತು. ಆಮೇಲೆ ಒಬ್ಬ ಹೆಂಗಸು, "ಈ ವರ್ಷ ಮರದಾಗೆ ಕಾರ್ ಬುಟ್ಟೈತಲ್ರವ್ವೋ!" ಎಂದಳು ನೋಡಿ, ಅಂಗಳಕ್ಕೆ ಅಂಗಳವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ತಾತ ನಗಲಿಲ್ಲ. "ಯಾರ್ಲಾ ಇದ ಮಡಗಿದ್ದು?" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ ನಾನು ಟಾರು ಮೆತ್ತಿದ್ದ ಬೆರಳನ್ನು ಲಂಗದಲ್ಲಿ ಮುಚ್ಚಿಕೊಂಡೆ. ಆಗ ಪಕ್ಕದಿಂದ ಶಿವು ಹೇಳಿದ: "ನಾನೇ ತಾತ."

ತಾತ ಅವನ ಕಿವಿಯನ್ನು ಒಂದು ಸುತ್ತು ತಿರುವಿದ. ಆಮೇಲೆ ಕಾರನ್ನು ತನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ನನ್ ಕಿವೀನೇ ಕೆಡಿಸ್ಬುಟ್ಟಲ್ಲೋ ಕಳ್ಳ" ಎಂದು ನಗಲು ಶುರುಮಾಡಿದವನು ಕಣ್ಣಲ್ಲಿ ನೀರು ಬರುವವರೆಗೂ ನಿಲ್ಲಿಸಲಿಲ್ಲ. ಮೊದಲ ಕಾಯಿಯಲ್ಲಿ ಬಂದದ್ದು ದೇವರದು, ಪದ್ಧತಿ ಮುರಿಯುವ ಹಾಗಿಲ್ಲ. ಕಾರಿಗೆ ವಿಭೂತಿ ಹಚ್ಚಿ, ಒಂದು ಹೂವು ಮುಡಿಸಿ, ದೇವರ ಮುಂದೆ ನಿಲ್ಲಿಸಿದರು. ಸಂಜೆ ಮಂಗಳಾರತಿಯಾದ ಮೇಲೆ ಪ್ರಸಾದವೆಂದು ನಮಗೆ ವಾಪಸು ಬಂತು. ಸುದ್ದಿ ಕೇಳಿ ಬಂದ ಬಾಷಾ ಸಾಬರು, "ನನ್ ಗಾಡಿಗೆ ಪೂಜೆ ಆಯ್ತಾ? ಇನ್ನು ಇದಕ್ಕೆ ರಿಪೇರಿ ಇಲ್ಲ ಬುಡಿ" ಎಂದು ಎರಡು ಉಂಡೆ ಕೊಬ್ಬರಿ ಕಟ್ಟಿಸಿಕೊಂಡು ಹೋದರು.

ಅವರೆಲ್ಲ ಈಗಿಲ್ಲ. ಆ ಅಟ್ಟವನ್ನು ಇಳಿಸಿ ಬಹಳ ವರ್ಷವಾಯಿತು. ಸಾಬರ ಶೆಡ್ಡಿನ ಜಾಗದಲ್ಲಿ ರಸ್ತೆ ಅಗಲವಾಗಿ ಹರಿದಿದೆ. ನೋಟ್‌ಬುಕ್ಕಿನ ಉಳಿದ ಕಾರುಗಳನ್ನು ಸಾಬರು ಒಂದೊಂದಾಗಿ ಎರಕ ಹುಯ್ಯುತ್ತೇನೆ ಎಂದಿದ್ದರು. ಮುಂದಿನ ವರ್ಷ ನಾನು ತುರುವೇಕೆರೆಯ ಹೈಸ್ಕೂಲಿಗೆ ಸೇರಿದೆ, ಕಳ್ಳಸಾಗಣೆಯವನ ಕಾರು ಕಾಗದದಲ್ಲೇ ಉಳಿಯಿತು. ಆದರೂ ನೆನೆದರೆ ನನಗೆ ಬರುವುದು ನಗುವೇ. ಅಷ್ಟು ಜನ ಅಷ್ಟು ಜೋರಾಗಿ ನಕ್ಕ ಮನೆಯಲ್ಲಿ ನಾನು ಬೆಳೆದೆ.

ಅಂದು ಸಂಜೆ ಜಗಲಿಯ ಮೇಲೆ ಕೂತಿದ್ದಾಗ ಶಿವುವಿನ ಕಿವಿ ಇನ್ನೂ ಕೆಂಪಗಿತ್ತು. ನನಗೆ ತಡೆಯಲಾಗಲಿಲ್ಲ. "ನಾನು ಅಂತ ಗೊತ್ತಿತ್ತೇನೋ?" ಎಂದೆ. ಹೂಂ ಎಂದು ತಲೆಯಾಡಿಸಿ, "ನೀನು ಬೆರಳ ಲಂಗದಾಗೆ ಮುಚ್ಕೊಂಡಾಗ್ಲೇ ಗೊತ್ತಾಯ್ತು" ಎಂದ. "ಮತ್ತ್ಯಾಕೆ ನಿನ್ ಮೇಲೆ ಹಾಕ್ಕೊಂಡೆ?" ಅವನು ಕಾರಿನ ಮೇಲಿದ್ದ ವಿಭೂತಿಯನ್ನು ಉಗುರಿನಿಂದ ಕೆರೆಯುತ್ತಾ ಹೇಳಿದ: "ನಿಂಗೆ ಬೈದ್ರೆ ನೀನು ಎರಡು ದಿನ ಯಾರ್ ಜೊತೇನೂ ಮಾತಾಡಕಿಲ್ಲ ಕಣಕ್ಕ. ನಾನ್ಯಾರ್ ಜೊತೆ ಆಡ್ಲಿ?"

ಶಿವು ತೀರಿಕೊಂಡು ಈಗ ನಾಲ್ಕು ವರ್ಷ. ಅವನ ಹೆಂಡತಿ ಕಾರನ್ನು ತಂದು ನನಗೆ ಕೊಟ್ಟಳು. ಹಸಿರು ಬಣ್ಣ ಅಲ್ಲಲ್ಲಿ ಎದ್ದಿದೆ, ಚಕ್ರಗಳು ಸರಿಯಾಗಿವೆ, ಹೊಗಳಿದರೆ ಇವತ್ತಿಗೂ ಓಡುತ್ತದೆ. ದಿನವೂ ನನ್ನದೇ ಸರದಿ.